ತಾನೇ ಓಡುವ ಕಾರು, ತಾನೇ ಇಳಿಯುವ ಬೆಲೆ

ಶೋರೂಮಿನ ಗೇಟು ದಾಟಿದ ಕ್ಷಣದಿಂದಲೇ ಕಾರಿನ ಬೆಲೆ ಇಳಿಯತೊಡಗುತ್ತದೆ ಎಂಬುದು ಕಾರು ಕೊಂಡವರಿಗೆಲ್ಲ ಗೊತ್ತು. 2019ರ ಏಪ್ರಿಲ್ 22ರಂದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಟೆಸ್ಲಾ ಕಂಪನಿಯ ಮುಖ್ಯಸ್ಥ ಎಲಾನ್ ಮಸ್ಕ್ ಹೂಡಿಕೆದಾರರ ಮುಂದೆ ನಿಂತು ಇದಕ್ಕೆ ತೀರಾ ಉಲ್ಟಾ ಮಾತು ಹೇಳಿದರು. ಮುಂದಿನ ವರ್ಷದ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಟೆಸ್ಲಾಗಳು ಚಾಲಕರಿಲ್ಲದ ಟ್ಯಾಕ್ಸಿಗಳಾಗಲು ಸಿದ್ಧವಿರುತ್ತವೆ, ಒಡೆಯ ಮನೆಯಲ್ಲಿದ್ದಾಗ ಕಾರು ಊರು ಸುತ್ತಿ ದುಡಿದು ತರುತ್ತದೆ, ಹೀಗಾಗಿ ಈ ಕಾರಿನ ಬೆಲೆ ಇಳಿಯುವ ಬದಲು ಏರುತ್ತದೆ ಎಂಬುದು ಅವರ ವಾದದ ಸಾರ.

ನಂಬಿದವರನ್ನು ಹಳಿಯುವಂತಿಲ್ಲ. ಟೆಸ್ಲಾ ಕಾರ್ಖಾನೆ ಇರುವ ಫ್ರೀಮಾಂಟ್ ಮತ್ತು ಅದರ ಸುತ್ತಲಿನ ಊರುಗಳಲ್ಲಿ ತಂತ್ರಜ್ಞಾನವನ್ನೇ ಕಸುಬಾಗಿ ಮಾಡಿಕೊಂಡ ಕನ್ನಡಿಗರು ಬೇಕಾದಷ್ಟು ಮಂದಿ ಇದ್ದಾರೆ. ಸಾಫ್ಟ್‌ವೇರ್ ತಿಂಗಳಿಂದ ತಿಂಗಳಿಗೆ ಸುಧಾರಿಸುವುದನ್ನು ದಿನವೂ ಕಾಣುವವರಿಗೆ, ಕಾರೂ ಹಾಗೆಯೇ ಸುಧಾರಿಸುತ್ತ ಹೋಗುತ್ತದೆ ಎಂಬ ಮಾತು ಸಹಜವಾಗಿಯೇ ಕೇಳಿಸುತ್ತದೆ. ಆದರೆ ಹಳೆ ಕಾರಿನ ಸಂತೆ ಬೇರೆಯೇ ತೀರ್ಪು ಕೊಟ್ಟಿತು. ಅಮೆರಿಕದ ಐಸೀಕಾರ್ಸ್ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಐದು ವರ್ಷದ ಹಳೆಯ ವಿದ್ಯುತ್ ಕಾರು ತನ್ನ ಬೆಲೆಯ ಸುಮಾರು ಶೇ 59ರಷ್ಟನ್ನು ಕಳೆದುಕೊಂಡಿರುತ್ತದೆ. ಎಲ್ಲ ಬಗೆಯ ವಾಹನಗಳ ಸರಾಸರಿ ಶೇ 46ರ ಆಸುಪಾಸಿನಲ್ಲಿದೆ. ಟೆಸ್ಲಾದ ದುಬಾರಿ ಮಾಡೆಲ್ ಎಸ್ ಆ ಪಟ್ಟಿಯಲ್ಲಿ ಇನ್ನೂ ಕೆಳಗಿದೆ. ಐದು ವರ್ಷಕ್ಕೆ ಅದು ಸುಮಾರು ಮೂರರಲ್ಲಿ ಎರಡು ಪಾಲು ಬೆಲೆಯನ್ನು ಕಳೆದುಕೊಳ್ಳುತ್ತದೆ.

ಈ ಇಳಿಕೆಗೆಲ್ಲ ಸ್ವಯಂಚಾಲನೆಯ ಸೌಲಭ್ಯವೇ ಕಾರಣ ಎಂದರೆ ತಪ್ಪಾಗುತ್ತದೆ. 2023ರ ಜನವರಿಯಲ್ಲಿ ಟೆಸ್ಲಾ ಹೊಸ ಕಾರುಗಳ ಬೆಲೆಯನ್ನು ಒಂದೇ ಏಟಿಗೆ ಇಳಿಸಿತು. ಅಮೆರಿಕದಲ್ಲಿ 65,990 ಡಾಲರಿನ ಮಾಡೆಲ್ ವೈ ಲಾಂಗ್ ರೇಂಜ್ 52,990ಕ್ಕೆ ಬಂತು. ಹೊಸದೇ ಅಷ್ಟಕ್ಕೆ ಸಿಗುವಾಗ ಹಳೆಯದನ್ನು ನಿನ್ನೆಯ ಬೆಲೆಗೆ ಯಾರು ಕೊಳ್ಳುತ್ತಾರೆ? ಹೊಸ ವಿದ್ಯುತ್ ಕಾರಿಗೆ ಸಿಗುತ್ತಿದ್ದ 7,500 ಡಾಲರ್ ತೆರಿಗೆ ರಿಯಾಯಿತಿಯೂ ಹಳೆ ಕಾರಿನ ಬೆಲೆಯನ್ನೇ ಕೆಳಕ್ಕೆ ಜಗ್ಗುತ್ತಿತ್ತು. ಅದರ ಮೇಲೆ, ಒಂದು ಲಕ್ಷ ಟೆಸ್ಲಾ ಕೊಳ್ಳುವುದಾಗಿ 2021ರಲ್ಲಿ ಹೇಳಿದ್ದ ಬಾಡಿಗೆ ಕಾರಿನ ಹರ್ಟ್ಜ್ ಕಂಪನಿ 2024ರ ಜನವರಿಯಲ್ಲಿ ಸುಮಾರು 20,000 ವಿದ್ಯುತ್ ಕಾರುಗಳನ್ನು ಮಾರಲು ಹೊರಟಿತು. ಬ್ಯಾಟರಿ ಎಷ್ಟು ಕಾಲ ಬಾಳುತ್ತದೋ ಎಂಬ ಅಂಜಿಕೆಯಂತೂ ಮೊದಲಿನಿಂದ ಇದ್ದದ್ದೇ. ಇವೆಲ್ಲ ದೊಡ್ಡ ಕಾರಣಗಳು, ಇವುಗಳ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಸ್ವಯಂಚಾಲನೆಯ ಕತೆಗೆ ಅಷ್ಟು ಗಮನ ಸಿಕ್ಕಿಲ್ಲ. ಅದರಲ್ಲಿ ಗ್ರಾಹಕನ ಹಕ್ಕಿನ ಪ್ರಶ್ನೆ ಅಡಗಿರುವುದರಿಂದ ನನಗೆ ಅದೇ ಮುಖ್ಯವಾಗಿ ಕಾಣುತ್ತದೆ.

ಟೆಸ್ಲಾ ಮಾರುವ ಈ ಸೌಲಭ್ಯದ ಹೆಸರು ಫುಲ್ ಸೆಲ್ಫ್ ಡ್ರೈವಿಂಗ್, ಚಿಕ್ಕದಾಗಿ ಎಫ್‌ಎಸ್‌ಡಿ. ಸಿಗ್ನಲ್ ಕಂಡು ನಿಲ್ಲುತ್ತದೆ, ತಿರುವಿನಲ್ಲಿ ತಿರುಗುತ್ತದೆ, ಲೇನ್ ಬದಲಿಸುತ್ತದೆ, ಹೊರಟಲ್ಲಿಂದ ತಲುಪಬೇಕಾದಲ್ಲಿಗೆ ಬಹುಪಾಲು ತಾನೇ ಓಡಿಸುತ್ತದೆ. ಆದರೂ ಚಾಲಕ ರಸ್ತೆಯ ಮೇಲಿಂದ ಕಣ್ಣು ತೆಗೆಯುವಂತಿಲ್ಲ, ಅಪಘಾತವಾದರೆ ಮೊದಲ ಹೊಣೆ ಅವನದೇ. ವಾಹನ ಎಂಜಿನಿಯರುಗಳು ಬಳಸುವ ಸೊನ್ನೆಯಿಂದ ಐದರ ಶ್ರೇಣಿಯಲ್ಲಿ ಇದು ಎರಡನೇ ಮೆಟ್ಟಿಲು. 2024ರಲ್ಲಿ ಕಂಪನಿಯೇ ಈ ಹೆಸರಿನ ಮುಂದೆ ‘ಸೂಪರ್‌ವೈಸ್ಡ್’ ಎಂದು ಸೇರಿಸಿತು. ಟ್ಯಾಕ್ಸಿಯಾಗಿ ದುಡಿದು ತರುವ ಕಾರಿನ ಲೆಕ್ಕ ಅಲ್ಲಿಯೇ ಮುರಿದುಬಿತ್ತು. ಒಡೆಯನೇ ಸ್ಟಿಯರಿಂಗ್ ಹಿಂದೆ ಕೂತಿರಬೇಕಾದರೆ ಕಾರು ಸಂಪಾದಿಸುವುದು ಎಲ್ಲಿಂದ ಬಂತು?

ಈಗ ಇದರ ಬೆಲೆ ನಡೆದುಬಂದ ದಾರಿ ನೋಡಿ. 2016ರ ಅಕ್ಟೋಬರಿನಲ್ಲಿ, ಇನ್ನು ಮುಂದೆ ತಯಾರಾಗುವ ಎಲ್ಲ ಕಾರುಗಳಲ್ಲೂ ಪೂರ್ಣ ಸ್ವಯಂಚಾಲನೆಗೆ ಬೇಕಾದ ಯಂತ್ರಾಂಶ ಇರುತ್ತದೆ ಎಂದು ಕಂಪನಿ ಘೋಷಿಸಿದಾಗ ಮುಂದುವರಿದ ಆಟೊಪೈಲಟ್ ಎಂಬ ಕೆಳಹಂತದ ಚಾಲನಾ ನೆರವು ಮತ್ತು ಎಫ್‌ಎಸ್‌ಡಿ ಎರಡೂ ಸೇರಿ 8,000 ಡಾಲರ್. 2020ರ ಕೊನೆಗೆ ಎಫ್‌ಎಸ್‌ಡಿ ಒಂದೇ 10,000. 2022ರ ಜನವರಿಯಲ್ಲಿ 12,000, ಅದೇ ಸೆಪ್ಟೆಂಬರಿನಲ್ಲಿ 15,000. ಸೌಲಭ್ಯ ಸುಧಾರಿಸಿದಂತೆ ಬೆಲೆ ಏರುತ್ತಲೇ ಹೋಗುತ್ತದೆ, ಈಗಲೇ ಕೊಂಡವನು ಜಾಣ ಎಂಬ ಮಾತನ್ನು ಕಂಪನಿ ಹೇಳುತ್ತಲೇ ಬಂತು. ಏರಿದ್ದು ಅಷ್ಟೇ. 2023ರ ಸೆಪ್ಟೆಂಬರಿನಲ್ಲಿ ಬೆಲೆ ಮತ್ತೆ 12,000ಕ್ಕೆ ಇಳಿಯಿತು, 2024ರ ಏಪ್ರಿಲಿನಲ್ಲಿ 8,000ಕ್ಕೆ ಬಂದು ನಿಂತಿತು. 2021ರಲ್ಲಿ ತಿಂಗಳಿಗೆ 199 ಡಾಲರಿನಂತೆ ಶುರುವಾಗಿದ್ದ ಚಂದಾ ಅದೇ ಏಪ್ರಿಲಿನಲ್ಲಿ 99 ಆಯಿತು.

ಹಳೆ ಕಾರಿನಲ್ಲಿರುವ ಎಫ್‌ಎಸ್‌ಡಿಯ ಬೆಲೆಯನ್ನು ಕಟ್ಟುವುದು ಈ ಚಂದಾ. ಕಾಗದದ ಮೇಲೆ ಒಂದು ಭಾಗಾಕಾರ ಮಾಡಿದರೆ ಸಾಕು. 2022ರ ಕೊನೆಯಲ್ಲಿ 15,000 ಡಾಲರ್ ಕೊಟ್ಟವನು ಅದೇ ಹಣದಲ್ಲಿ 99ರ ಚಂದಾವನ್ನು 151 ತಿಂಗಳು, ಅಂದರೆ ಹನ್ನೆರಡೂವರೆ ವರ್ಷ ಕಟ್ಟಬಹುದಿತ್ತು. ಹಳೆ ಕಾರು ಕೊಳ್ಳುವವನು ಈ ಲೆಕ್ಕ ಹಾಕದೆ ಇರುವುದಿಲ್ಲ. ನಾನು ಈ ಕಾರನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೇನೆ, ಅದರಲ್ಲಿ ಎಷ್ಟು ತಿಂಗಳು ಈ ಸೌಲಭ್ಯ ನಿಜಕ್ಕೂ ಬೇಕಾಗುತ್ತದೆ ಎಂದು ಕೇಳಿಕೊಳ್ಳುತ್ತಾನೆ. ಬೇಸಿಗೆ ರಜೆಯ ದೂರ ಪ್ರಯಾಣಕ್ಕೆಂದು ವರ್ಷಕ್ಕೆ ಎರಡು ತಿಂಗಳು ಚಂದಾ ಕಟ್ಟಿದರೆ ಐದು ವರ್ಷಕ್ಕೆ ಸಾವಿರ ಡಾಲರಿನೊಳಗೆ ಮುಗಿಯಿತು. ಇಷ್ಟು ಸುಲಭದ ದಾರಿ ಇರುವಾಗ ಮೊದಲ ಒಡೆಯ ಕೊಟ್ಟ 15,000ವನ್ನು ಮರಳಿಸುವ ಜವಾಬ್ದಾರಿ ಅವನದೇಕಾದೀತು? ಅಂಗಡಿಯ ಬಾಗಿಲಿನ ಮುಂದಿನ ಬೋರ್ಡಿನಲ್ಲಿ ದೊಡ್ಡದಾಗಿ ಬರೆದರೂ ಎಫ್‌ಎಸ್‌ಡಿ ಇರುವ ಹಳೆ ಕಾರಿಗೂ ಇಲ್ಲದ ಕಾರಿಗೂ ಮಾರಾಟದಲ್ಲಿ ಸಿಗುವ ವ್ಯತ್ಯಾಸ ಮೂಲ ಬೆಲೆಯ ಸಣ್ಣದೊಂದು ತುಣುಕಾಗಿ ಉಳಿಯುವುದಕ್ಕೆ ಇದೇ ಕಾರಣ.

2026ರ ಜನವರಿಯಲ್ಲಿ ಮಸ್ಕ್ ಇನ್ನೊಂದು ಪ್ರಕಟಣೆ ಮಾಡಿದರು. ಫೆಬ್ರವರಿ 14ರ ನಂತರ ಎಫ್‌ಎಸ್‌ಡಿಯನ್ನು ಇಡಿಯಾಗಿ ಮಾರುವುದಿಲ್ಲ, ಇನ್ನು ತಿಂಗಳ ಚಂದಾ ಮಾತ್ರ ಎಂದರು. ಇದರಿಂದ ಹಳೆ ಕಾರುಗಳಲ್ಲಿ ಉಳಿದ ಶಾಶ್ವತ ಪರವಾನಗಿಗೆ ಒಂದಿಷ್ಟು ಬೆಲೆ ಮರಳಬಹುದು. ಹೊಸದಾಗಿ ಸಿಗದ ವಸ್ತು, ಚಂದಾ ಏರಿದರೆ ಅದರ ತೂಕವೂ ಏರುತ್ತದೆ. ಆದರೆ ಅದಕ್ಕೆ ಎರಡು ಷರತ್ತುಗಳಿವೆ: ಪರವಾನಗಿ ಕಾರಿನ ಜೊತೆಗೇ ಹೊಸ ಒಡೆಯನಿಗೆ ಬರಬೇಕು, ಕಾರಿನೊಳಗಿನ ಕಂಪ್ಯೂಟರು ಹೊಸ ಸಾಫ್ಟ್‌ವೇರನ್ನು ಓಡಿಸಬೇಕು. ಎರಡೂ ಕಡೆ ತೊಡಕಿದೆ.

ಮೊದಲನೆಯ ತೊಡಕು ಎಂಥದ್ದೆಂದು ತಿಳಿಯಲು 2020ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಸುದ್ದಿಯಾದ ಪ್ರಕರಣವೊಂದನ್ನು ನೆನೆಯಬೇಕು. ಟೆಸ್ಲಾ ತಾನೇ ಹರಾಜಿಗಿಟ್ಟ 2017ರ ಮಾಡೆಲ್ ಎಸ್ ಒಂದನ್ನು ಒಬ್ಬ ಡೀಲರ್ ಕೊಂಡ. ಮುಂದುವರಿದ ಆಟೊಪೈಲಟ್, ಎಫ್‌ಎಸ್‌ಡಿ ಎರಡೂ ಇರುವ ಕಾರೆಂದೇ ಕೊಂಡ, ಹಾಗೆಂದೇ ಗ್ರಾಹಕನೊಬ್ಬನಿಗೆ ಮಾರಿದ. ಇತ್ತ ಕಂಪನಿ ದೂರದಿಂದಲೇ ಕಾರಿನ ಲೆಕ್ಕಪರಿಶೋಧನೆ ನಡೆಸಿ ಆ ಸೌಲಭ್ಯಗಳನ್ನು ಅಳಿಸಿಹಾಕಿತು. ಹೊಸ ಒಡೆಯ ಕೇಳಿದರೆ, ನೀವು ಅದಕ್ಕೆ ಹಣ ಕೊಟ್ಟಿಲ್ಲ ಎಂಬ ಉತ್ತರ. ಎಂಟು ಸಾವಿರ ಡಾಲರ್ ಬಾಳುವ ವಸ್ತು ಯಾರೂ ಬಾಗಿಲು ತೆರೆಯದೆ, ಯಾರೂ ಕಾರನ್ನು ಮುಟ್ಟದೆ ಮಾಯವಾಗಿತ್ತು. ಪತ್ರಿಕೆಗಳಲ್ಲಿ ಗುಲ್ಲಾದ ಮೇಲೆ ಕಂಪನಿ ಸಂವಹನದ ಗೊಂದಲ ಎಂದು ಹೇಳಿ ಸೌಲಭ್ಯವನ್ನು ಮರಳಿಸಿತು. ಗುಲ್ಲಾಗದೆ ಇದ್ದಿದ್ದರೆ ಆ ಗ್ರಾಹಕನ ಗತಿ ಏನಾಗುತ್ತಿತ್ತು ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಕಾಡುತ್ತದೆ.

ನಮ್ಮ ನಾಡಿನ ಶಾಸನಗಳಲ್ಲಿ ಭೂಮಿಯನ್ನು ದಾನ ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಶುರುವಾಗಿ ಎಂಟು ಬಗೆಯ ಹಕ್ಕುಗಳನ್ನು ಒಂದೊಂದಾಗಿ ಹೆಸರಿಸಿ, ಇವೆಲ್ಲ ನೆಲದ ಜೊತೆಗೇ ಹೋಗುತ್ತವೆ ಎಂದು ಕೆತ್ತಿಸುತ್ತಿದ್ದರು. ನೆಲ ಕೈ ಬದಲಿಸಿದ ಮೇಲೆ ನೀರು ನನ್ನದು, ಕಲ್ಲು ನನ್ನದು ಎಂದು ಹಳೆಯ ಒಡೆಯ ತಕರಾರು ತೆಗೆಯಬಾರದೆಂಬ ಮುನ್ನೆಚ್ಚರಿಕೆ ಅದು. ಇಂದಿನ ಕಾರಿನ ಮಾರಾಟಪತ್ರದಲ್ಲಿ ಅಂಥ ಪಟ್ಟಿ ಇಲ್ಲ. ಚಕ್ರ, ಸೀಟು, ಬ್ಯಾಟರಿ ಕೈ ಬದಲಿಸುತ್ತವೆ. ಆದರೆ ಅವನ್ನೆಲ್ಲ ಓಡಿಸುವ ಸಾಫ್ಟ್‌ವೇರಿನ ಬೀಗದ ಕೈ ತಯಾರಕನ ಸರ್ವರಿನಲ್ಲೇ ಉಳಿಯುತ್ತದೆ.

ತಕ್ಕಡಿಯ ಇನ್ನೊಂದು ಬದಿಯೂ ಇದೆ. ಎಫ್‌ಎಸ್‌ಡಿ ಕೊಂಡವರು, ಕಾರು ಬದಲಿಸುವಾಗ ಇದನ್ನು ಹೊಸ ಕಾರಿಗೆ ಒಯ್ಯಲು ಬಿಡಿ ಎಂದು ವರ್ಷಗಟ್ಟಲೆ ಕೇಳಿಕೊಂಡಿದ್ದರು. ಪರವಾನಗಿ ಕಾರಿಗೆ ಸೇರಿದ್ದು, ಒಡೆಯನಿಗಲ್ಲ ಎಂಬುದು ಕಂಪನಿಯ ನಿಲುವಾಗಿತ್ತು. 2023ರ ಜುಲೈಯಲ್ಲಿ ಒಮ್ಮೆ ಮಾತ್ರ ಎಂದು ಹೇಳಿ ವರ್ಗಾವಣೆಗೆ ಅವಕಾಶ ಕೊಟ್ಟರು, ಆಮೇಲೆ ಹೊಸ ಕಾರಿನ ಮಾರಾಟ ಹೆಚ್ಚಿಸಬೇಕಾದಾಗಲೆಲ್ಲ ಆ ಅವಕಾಶ ಮತ್ತೆ ಬಂತು. ಮೊದಲ ಒಡೆಯನಿಗೆ ಇದು ಒಳ್ಳೆಯದೇ. ಆದರೆ ಪರವಾನಗಿ ಹೊಸ ಕಾರಿಗೆ ಹೋದ ಕೂಡಲೇ ಹಳೆಯ ಕಾರಿನಲ್ಲಿ ಅದು ಇಲ್ಲವಾಗುತ್ತದೆ. ಮಾರುವವನು ಮುಂದೆ ಏನು ಕೊಳ್ಳುತ್ತಾನೆ ಎಂಬುದರ ಮೇಲೆ ನೀವು ಕೊಳ್ಳುವ ಕಾರಿನೊಳಗೆ ಏನಿರುತ್ತದೆ ಎಂಬುದು ತೀರ್ಮಾನವಾಗುವ ಸ್ಥಿತಿ. ಹೊರಗಿನಿಂದ ನೋಡಿದರೆ ಎರಡೂ ಕಾರು ಒಂದೇ ತರಹ.

ಎರಡನೆಯ ತೊಡಕು ಕಂಪ್ಯೂಟರಿನದು. ಅದು ಹಣದ ದೃಷ್ಟಿಯಿಂದ ಇನ್ನೂ ದೊಡ್ಡದು. 2016ರಲ್ಲಿ ಎಲ್ಲ ಯಂತ್ರಾಂಶವೂ ಇದೆ ಎಂದು ಹೇಳಿ ಮಾರಿದ ಕಾರುಗಳಿಗೆ ಆ ಕಂಪ್ಯೂಟರು ಸಾಲಲಿಲ್ಲ. 2019ರಲ್ಲಿ ಮೂರನೇ ಪೀಳಿಗೆಯ ಕಂಪ್ಯೂಟರು ಬಂತು; ಎಫ್‌ಎಸ್‌ಡಿ ಕೊಂಡವರಿಗೆ ಅದನ್ನು ಉಚಿತವಾಗಿ ಹಾಕಿಕೊಟ್ಟರು. 2023ರಲ್ಲಿ ನಾಲ್ಕನೇ ಪೀಳಿಗೆ ಬಂತು, ಅದರ ಕ್ಯಾಮೆರಾಗಳೂ ಹೆಚ್ಚು ಸ್ಪಷ್ಟ. 2024ರ ಡಿಸೆಂಬರಿನಿಂದ ಬಂದ ಹದಿಮೂರನೇ ಆವೃತ್ತಿ, ಮರುವರ್ಷ ಬಂದ ಹದಿನಾಲ್ಕನೇ ಆವೃತ್ತಿ ನಾಲ್ಕನೇ ಪೀಳಿಗೆಯ ಕಾರುಗಳಿಗೆ ಬಂದವು. ಮೂರನೇ ಪೀಳಿಗೆಯ ಕಾರಿನವರು ಹಿಂದಿನ ಆವೃತ್ತಿಯಲ್ಲೇ ಉಳಿದರು. 2025ರ ಜನವರಿಯಲ್ಲಿ ಹೂಡಿಕೆದಾರರೊಂದಿಗೆ ಮಾತಾಡುತ್ತ ಮಸ್ಕ್, ಎಫ್‌ಎಸ್‌ಡಿ ಕೊಂಡವರ ಕಾರುಗಳಲ್ಲಿ ಮೂರನೇ ಪೀಳಿಗೆಯ ಕಂಪ್ಯೂಟರನ್ನೂ ಬದಲಿಸಬೇಕಾಗುತ್ತದೆ, ಅದು ಕಷ್ಟದ ಕೆಲಸ ಎಂದು ಒಪ್ಪಿಕೊಂಡರು.

ಸಂತೆಯಲ್ಲಿ ಇದರ ಪರಿಣಾಮ ನೇರವಾಗಿದೆ. 2023ರ ಮಾಡೆಲ್ ವೈ ಎರಡು ಪಕ್ಕಪಕ್ಕ ನಿಂತಿವೆ ಎನ್ನಿ. ಬಣ್ಣ ಒಂದೇ, ಓಡಿದ ಮೈಲಿ ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಮೂರನೇ ಪೀಳಿಗೆ, ಇನ್ನೊಂದರಲ್ಲಿ ನಾಲ್ಕನೆಯದು, ಏಕೆಂದರೆ ಆ ವರ್ಷದ ನಡುವೆಯೇ ಕಾರ್ಖಾನೆಯಲ್ಲಿ ಬದಲಾವಣೆಯಾಯಿತು. ತಿಳಿದ ಗ್ರಾಹಕ ಪರದೆಯ ಮೇಲೆ ಸಾಫ್ಟ್‌ವೇರ್ ಪುಟ ತೆರೆದು ವಾಹನದ ಹೆಚ್ಚುವರಿ ಮಾಹಿತಿಯನ್ನು ಒತ್ತಿ ಕಂಪ್ಯೂಟರಿನ ಪೀಳಿಗೆ ನೋಡಿಯೇ ಮಾತಿಗೆ ಇಳಿಯುತ್ತಾನೆ. ಎಂಜಿನ್ನಿನ ಸದ್ದು ಕೇಳಿ, ಟೈರಿನ ಸವೆತ ನೋಡಿ ಕಾರು ಕೊಳ್ಳುತ್ತಿದ್ದ ಕಾಲದ ಜಾಣ್ಮೆಗೆ ಇದೊಂದು ಹೊಸ ಸೇರ್ಪಡೆ. ಹಿಂದೆಲ್ಲ ಕಾರು ಹಳತಾಗುತ್ತಿದ್ದದ್ದು ಓಡಿ ಓಡಿ ಸವೆದು. ಈಗ ಮನೆಯ ಮುಂದೆ ನಿಂತಲ್ಲೇ, ಹೊಸ ಚಿಪ್ ಬಂದ ದಿನವೇ ಹಳತಾಗುತ್ತದೆ. ಬೆಲೆ ಏರಿಸುತ್ತದೆ ಎಂದು ಹೇಳಿದ ಸೌಲಭ್ಯವೇ ಬೆಲೆ ಇಳಿಸುವ ಹೊಸ ಕಾರಣವೊಂದನ್ನು ಹುಟ್ಟುಹಾಕಿತು ಎಂದು ನಾನು ಹೇಳುವುದು ಇದಕ್ಕೇ.

ಬೆಲೆ ಏರುತ್ತದೆ ಎಂಬ ಮಾತು ನಿಲ್ಲಲಿಲ್ಲ ಎಂಬುದಕ್ಕೆ ಕಂಪನಿಯದೇ ನಡೆ ಸಾಕ್ಷಿ. 2019ರಲ್ಲಿ ಮಾಡೆಲ್ 3 ಕಾರುಗಳನ್ನು ಲೀಸಿಗೆ ಕೊಡಲು ಆರಂಭಿಸಿದಾಗ, ಅವಧಿ ಮುಗಿದ ಮೇಲೆ ಆ ಕಾರನ್ನು ಕೊಂಡುಕೊಳ್ಳುವ ಅವಕಾಶ ಗ್ರಾಹಕನಿಗೆ ಇರಲಿಲ್ಲ. ಮರಳಿ ಬಂದ ಕಾರುಗಳನ್ನೆಲ್ಲ ಚಾಲಕರಿಲ್ಲದ ಟ್ಯಾಕ್ಸಿ ಜಾಲಕ್ಕೆ ಹಾಕುತ್ತೇವೆ ಎಂಬುದು ಕೊಟ್ಟ ಕಾರಣ. ಆ ಜಾಲ ಬರಲಿಲ್ಲ. ಮರಳಿದ ಕಾರುಗಳನ್ನು ಕಂಪನಿ ಸಾಫ್ಟ್‌ವೇರ್ ಸೌಲಭ್ಯ ಸೇರಿಸಿ ಬೇರೆಯವರಿಗೆ ಮಾರಿತೆಂದು 2025ರಲ್ಲಿ ರಾಯ್ಟರ್ಸ್ ವರದಿ ಮಾಡಿತು. 2024ರ ಕೊನೆಗೆ ಲೀಸಿನ ಗ್ರಾಹಕರೇ ಕೊಂಡುಕೊಳ್ಳಲಿ ಎಂದು ನಿಯಮವನ್ನೂ ಬದಲಿಸಿದ್ದರು. ಮುಂದೆ ಲಕ್ಷಗಟ್ಟಲೆ ದುಡಿಯುವ ವಸ್ತು ಎಂಬ ನಂಬಿಕೆ ತಯಾರಕನಿಗೇ ಉಳಿದಿದ್ದರೆ ಅದನ್ನು ಮಾರುತ್ತಿರಲಿಲ್ಲ. 2025ರ ಜೂನ್ 22ರಂದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕಂಪನಿಯ ಟ್ಯಾಕ್ಸಿ ಸೇವೆ ಕೊನೆಗೂ ಶುರುವಾದಾಗ ಓಡಿದ್ದು ಹೊಸ ಮಾಡೆಲ್ ವೈಗಳು, ಮುಂದಿನ ಸೀಟಿನಲ್ಲಿ ಕಂಪನಿಯ ನಿಗಾದಾರರೊಬ್ಬರು ಕೂತಿದ್ದರು. 2019ರ ಭರವಸೆ ನಂಬಿ ಕೊಂಡವರ ಕಾರುಗಳಿಗೆ ಅಲ್ಲಿ ಜಾಗವಿರಲಿಲ್ಲ.

ಚೀನಾದಲ್ಲಿ ಬೇರೊಂದು ದಿಕ್ಕಿನಿಂದ ಇದೇ ಪರಿಣಾಮ ಕಾಣಿಸಿತು. 2025ರ ಫೆಬ್ರವರಿಯಲ್ಲಿ ಬಿವೈಡಿ ಕಂಪನಿ ‘ಗಾಡ್ಸ್ ಐ’ ಎಂಬ ಚಾಲಕ ನೆರವಿನ ವ್ಯವಸ್ಥೆಯನ್ನು ತನ್ನ ಬಹುಪಾಲು ಕಾರುಗಳಿಗೆ, 69,800 ಯುವಾನಿನ ಪುಟ್ಟ ಸೀಗಲ್‌ಗೂ ಬೆಲೆ ಏರಿಸದೆ ಸೇರಿಸಿತು. ಎಲ್ಲರಿಗೂ ಪುಕ್ಕಟೆ ಸಿಗುವುದಕ್ಕೆ ಹಳೆ ಕಾರಿನಲ್ಲಿ ಯಾರೂ ಹೆಚ್ಚುವರಿ ಹಣ ಕೊಡುವುದಿಲ್ಲ. ಹಾಗೆಯೇ ಅದು ಇಲ್ಲದ ಹಿಂದಿನ ವರ್ಷದ ಕಾರು ರಾತ್ರೋರಾತ್ರಿ ಹಿಂದುಳಿದ ಕಾರಾಗುತ್ತದೆ. ಇದ್ದರೆ ಲಾಭವಿಲ್ಲ, ಇಲ್ಲದಿದ್ದರೆ ನಷ್ಟ.

ಹಾಗಾದರೆ ಎಲೆಕ್ಟ್ರಾನಿಕ್ ನೆರವುಗಳಲ್ಲಿ ಬೆಲೆ ಉಳಿಸಿಕೊಳ್ಳುವುದು ಏನೂ ಇಲ್ಲವೇ? ನನ್ನ ಅಭಿಪ್ರಾಯದಲ್ಲಿ ಇದೆ, ಅದು ಜಾಹೀರಾತಿನಲ್ಲಿ ಅಷ್ಟಾಗಿ ಮಿಂಚದ ತುರ್ತು ಬ್ರೇಕ್. ಎದುರಿನ ವಾಹನಕ್ಕೆ ಗುದ್ದುವ ಮುನ್ನ ತಾನೇ ಬ್ರೇಕ್ ಹಾಕುವ ಈ ವ್ಯವಸ್ಥೆ ಹಿಂದಿನಿಂದ ಗುದ್ದುವ ಅಪಘಾತಗಳನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂದು ಅಮೆರಿಕದ ವಿಮಾ ಕಂಪನಿಗಳ ಸುರಕ್ಷಾ ಸಂಸ್ಥೆ ಐಐಎಚ್‌ಎಸ್ ಕಂಡುಕೊಂಡಿದೆ. ಅದೇ ಸಂಸ್ಥೆ 2024ರಲ್ಲಿ, ಸ್ಟಿಯರಿಂಗ್ ಮತ್ತು ವೇಗ ಎರಡನ್ನೂ ನಿಭಾಯಿಸುವ ಅರೆ ಸ್ವಯಂಚಾಲನೆ ಅಪಘಾತ ತಡೆಯುತ್ತದೆ ಎಂಬುದಕ್ಕೆ ಹೇಳಿಕೊಳ್ಳುವಂಥ ಆಧಾರ ಸಿಕ್ಕಿಲ್ಲ ಎಂದಿತು. ಅದನ್ನು ಸುರಕ್ಷತೆಗಿಂತ ಅನುಕೂಲದ ಸೌಲಭ್ಯವೆಂದೇ ಎಣಿಸಬೇಕು. ತುರ್ತು ಬ್ರೇಕಿಗೆ ಚಂದಾ ಇಲ್ಲ, ಪರವಾನಗಿಯ ತಕರಾರಿಲ್ಲ, ಕಾರು ಎಷ್ಟು ಕೈ ಬದಲಿಸಿದರೂ ಅದು ಕಾರಿನಲ್ಲೇ ಇರುತ್ತದೆ. ಹಳೆ ಕಾರಿನಲ್ಲಿ ಹೆಚ್ಚು ಹಣ ಕೊಡುವುದಾದರೆ ಇಂಥದ್ದಕ್ಕೆ ಕೊಡಬೇಕು.

ನಮ್ಮಲ್ಲಿಗೆ ಬರೋಣ. ಟೆಸ್ಲಾ 2025ರ ಜುಲೈ 15ರಂದು ಮುಂಬೈಯಲ್ಲಿ ಮಳಿಗೆ ತೆರೆದಾಗ ಮಾಡೆಲ್ ವೈ ಬೆಲೆ 59.89 ಲಕ್ಷ ರೂಪಾಯಿಯಿಂದ ಶುರುವಾಗಿತ್ತು. ಎಫ್‌ಎಸ್‌ಡಿ ಬೇಕೆಂದರೆ ಆಗ ಮತ್ತೆ ಆರು ಲಕ್ಷ ಕೊಡಬೇಕಿತ್ತು. ಮುಂದೆಂದೋ ಸಿಗಬಹುದಾದ ಸೌಲಭ್ಯಕ್ಕೆ ಮೊದಲೇ ಹಣ ಕೊಡುವವರು ಅಮೆರಿಕದ ಒಂಬತ್ತು ವರ್ಷಗಳ ಅನುಭವವನ್ನು ಒಮ್ಮೆ ತಿರುವಿ ನೋಡಬೇಕೆಂಬುದು ನನ್ನ ಕಳಕಳಿಯ ಮಾತು. ಆದರೆ ನಮ್ಮ ನಿಜವಾದ ಸಂತೆ ಬೇರೆ. ಮಹೀಂದ್ರಾ ಎಕ್ಸ್‌ಇವಿ 9ಇ, ಟಾಟಾ ಹ್ಯಾರಿಯರ್ ಇವಿ, ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್‌ನಂಥ ಕಾರುಗಳ ಮೇಲಿನ ಶ್ರೇಣಿಗಳಲ್ಲಿ ಎಡಿಎಎಸ್ ಎಂಬ ಹೆಸರಿನಲ್ಲಿ ಎರಡನೇ ಮೆಟ್ಟಿಲಿನ ನೆರವು ಬರುತ್ತದೆ. ಇವು ಮುಂದಿನ ಕೆಲವು ವರ್ಷಗಳಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಸಾಲಾಗಿ ಬರಲಿವೆ.

ಇಲ್ಲಿ ನೋಡಬೇಕಾದದ್ದು ಮುಂಬದಿಯ ರೇಡಾರ್ ಮತ್ತು ಗಾಜಿನ ಹಿಂದಿನ ಕ್ಯಾಮೆರಾ. ಸಣ್ಣ ಗುದ್ದಿಗೆ ಬಂಪರು ಬದಲಿಸಿ ಬಣ್ಣ ಹೊಡೆಸಿದ ಕಾರಿನಲ್ಲಿ ರೇಡಾರಿನ ಕೋನ ಒಂದಿಷ್ಟು ತಪ್ಪಿದ್ದರೂ, ಮುಂದಿನ ಗಾಜು ಹಾಕಿಸಿ ಕ್ಯಾಮೆರಾವನ್ನು ಮರುಹೊಂದಿಸದೆ ಬಿಟ್ಟಿದ್ದರೂ ತುರ್ತು ಬ್ರೇಕ್ ಬೇಕಾದಾಗ ಹಾಕದೆ, ಬೇಡದಾಗ ಹಾಕಿ ತೊಂದರೆ ಕೊಡುತ್ತದೆ. ಲೇನಿನ ಗೆರೆಯೇ ಅಳಿಸಿಹೋದ ನಮ್ಮ ರಸ್ತೆಗಳಲ್ಲಿ ಸ್ಟಿಯರಿಂಗ್ ಜಗ್ಗುತ್ತದೆ ಎಂದು ಬೇಸತ್ತು ಈ ನೆರವುಗಳನ್ನು ಆಫ್ ಮಾಡಿಯೇ ಓಡಿಸುವವರು ಬಹಳ. ಹೀಗಾಗಿ ಕೆಟ್ಟಿರುವುದು ಮಾರುವವನಿಗೂ ಗೊತ್ತಿರದೆ ಇರಬಹುದು. ಕಾರು ಕೊಳ್ಳುವ ಮುನ್ನ ಎಲ್ಲವನ್ನೂ ಆನ್ ಮಾಡಿ ಬೆಂಗಳೂರಿನ ನೈಸ್ ರಸ್ತೆಯಂಥ, ಗೆರೆ ಸರಿಯಾಗಿರುವ ಕಡೆ ಓಡಿಸಿ ನೋಡಬೇಕು. ಬಂಪರು, ಗಾಜು ಬದಲಾಗಿದ್ದರೆ ಅಧಿಕೃತ ಸರ್ವಿಸಿನಲ್ಲಿ ಹೊಂದಿಸಿದ ದಾಖಲೆ ಕೇಳಬೇಕು.

ಮೊದಲ ಒಡೆಯನಿಗೆ ಒಂದು, ಎರಡನೆಯವನಿಗೆ ಇನ್ನೊಂದು ಎಂಬ ಪದ್ಧತಿ ನಮ್ಮಲ್ಲೂ ಬೇರೂರಿದೆ, ಬ್ಯಾಟರಿ ವಾರಂಟಿಯ ರೂಪದಲ್ಲಿ. ಮಹೀಂದ್ರಾದ ಹೊಸ ವಿದ್ಯುತ್ ಕಾರುಗಳಿಗೆ ಜೀವಿತಾವಧಿ ಬ್ಯಾಟರಿ ವಾರಂಟಿ ಇರುವುದು ಮೊದಲ ನೋಂದಾಯಿತ ಮಾಲೀಕನಿಗೆ. ಕೈ ಬದಲಾದರೆ ಅದು ಹತ್ತು ವರ್ಷ ಅಥವಾ ಎರಡು ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಅದೂ ಕಡಿಮೆಯೇನಲ್ಲ. ಆದರೆ ಮಾರಾಟದ ಬೆಲೆ ಮಾತಾಡುವಾಗ ಈ ವ್ಯತ್ಯಾಸ ಲೆಕ್ಕಕ್ಕೆ ಬರಬೇಕು. ನೋಂದಾಯಿತ ಡೀಲರ್ ಮೂಲಕ ಹೋದರೆ ಅವನ ಲಾಭಾಂಶದ ಮೇಲೆ ಶೇ 18ರ ಜಿಎಸ್‌ಟಿಯೂ ಬೆಲೆಯಲ್ಲಿ ಸೇರಿರುತ್ತದೆ. 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ತೀರ್ಮಾನಿಸುವ ತನಕ ಹಳೆ ವಿದ್ಯುತ್ ಕಾರಿಗೆ ಅದು ಶೇ 12 ಇತ್ತು.

ಸರ್ಕಾರ ಮಾಡಬಹುದಾದ ಕೆಲಸವೊಂದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಕಾರಿನ ಮಾಲೀಕತ್ವ ಬದಲಿಸುವಾಗ ಆರ್‌ಟಿಒಗೆ ಹಳೆಯ ಮಾಲೀಕ, ಹೊಸ ಮಾಲೀಕ ಇಬ್ಬರೂ ಸಹಿ ಹಾಕಿದ ಅರ್ಜಿ ಹೋಗುತ್ತದೆ. ಅದರ ಜೊತೆಗೆ ತಯಾರಕನಿಂದ ಒಂದು ಪುಟದ ಪ್ರಮಾಣಪತ್ರ ಕಡ್ಡಾಯ ಮಾಡಲಿ. ಕಾರಿನಲ್ಲಿ ಹಣ ಕೊಟ್ಟು ಪಡೆದ ಸಾಫ್ಟ್‌ವೇರ್ ಯಾವುದು, ಅದರಲ್ಲಿ ಹೊಸ ಮಾಲೀಕನಿಗೆ ಉಳಿಯುವುದು ಯಾವುದು, ಚಂದಾ ಯಾವುದಕ್ಕೆ, ಬ್ಯಾಟರಿ ವಾರಂಟಿ ಎಷ್ಟು ಬಾಕಿ, ಕಂಪ್ಯೂಟರಿನ ಪೀಳಿಗೆ ಯಾವುದು, ಅದಕ್ಕೆ ಎಷ್ಟು ವರ್ಷ ಸಾಫ್ಟ್‌ವೇರ್ ಒದಗಿಸುವ ಹೊಣೆ ಹೊತ್ತಿದ್ದಾರೆ ಎಂದು ಅದರಲ್ಲಿರಲಿ. ಪೂರ್ತಿ ಹಣ ಕೊಟ್ಟು ಕೊಂಡ ಸೌಲಭ್ಯವನ್ನು ಕೈ ಬದಲಾದ ನೆಪದಲ್ಲಿ ದೂರದಿಂದ ಕಿತ್ತುಕೊಳ್ಳುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನ್ಯಾಯದ ವ್ಯಾಪಾರ ಪದ್ಧತಿ ಎಂದು ಹೆಸರಿಸಲಿ. ಈ ಮಾಹಿತಿಯೆಲ್ಲ ತಯಾರಕನ ಬಳಿ ಈಗಾಗಲೇ ಇದೆ. ಅದನ್ನು ಅಚ್ಚು ಮಾಡಿ ಕೊಡಲು ಅವನಿಗೆ ಹೊಸ ಯಂತ್ರವೇನೂ ಬೇಕಾಗಿಲ್ಲ. ನಿಯಮ ಬರುವ ತನಕ, ಹಳೆ ವಿದ್ಯುತ್ ಕಾರಿಗೆ ಮುಂಗಡ ಕೊಡುವ ಮುನ್ನ ಇದೇ ಪ್ರಶ್ನೆಗಳನ್ನು ತಯಾರಕನ ಅಧಿಕೃತ ಸೇವಾ ಕೇಂದ್ರಕ್ಕೆ ಕಾರಿನ ಚಾಸಿ ಸಂಖ್ಯೆ ಸಮೇತ ಇಮೇಲ್‌ನಲ್ಲಿ ಕೇಳಿ, ಉತ್ತರ ಬಂದ ಮೇಲೆಯೇ ಬೆಲೆ ಮಾತಾಡಬೇಕು.